ನೇಮ್‌ಸರ್ವರ್ ಬದಲಿಸಿದ ಮೇಲೆ ಇಮೇಲ್ ನಿಂತಿತು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ವೆಬ್‌ಸೈಟನ್ನು ಹೊಸ ಹೋಸ್ಟಿಂಗ್‌ಗೆ ಸಾಗಿಸಿ, ಅವರು ಕೊಟ್ಟ ಎರಡು ನೇಮ್‌ಸರ್ವರ್‌ಗಳನ್ನು ಡೊಮೇನ್ ಖಾತೆಯಲ್ಲಿ ಹಾಕಿದೆ. ಸೈಟ್ ಚೆನ್ನಾಗಿ ತೆರೆಯುತ್ತಿದೆ. ಆದರೆ ಮರುದಿನದಿಂದ ಇಮೇಲ್ ಬರುವುದು ನಿಂತಿದೆ. ಮೇಲ್ ಸೇವೆ ಬೇರೊಂದು ಕಂಪನಿಯದು, ಅದನ್ನು ನಾನು ಮುಟ್ಟೇ ಇಲ್ಲ.

ಉತ್ತರ: ನೇಮ್‌ಸರ್ವರ್ ಎಂದರೆ ಡೊಮೇನಿನ ಡಿಎನ್‌ಎಸ್ ರೆಕಾರ್ಡ್‌ಗಳನ್ನು, ಅಂದರೆ ಆ ಹೆಸರಿನ ಸೈಟ್, ಮೇಲ್ ಎಲ್ಲಿವೆ ಎಂದು ಹೇಳುವ ಸಾಲುಗಳನ್ನು, ಕೇಳಿದವರಿಗೆ ಕೊಡುವ ಸರ್ವರ್. ಅದನ್ನು ಬದಲಿಸಿದರೆ ವೆಬ್‌ಸೈಟಿನ ವಿಳಾಸ ಮಾತ್ರವಲ್ಲ, ಡೊಮೇನಿನ ಎಲ್ಲ ಡಿಎನ್‌ಎಸ್ ರೆಕಾರ್ಡ್‌ಗಳನ್ನೂ ಹೊಸ ಕಡೆಯಿಂದಲೇ ಓದಲಾಗುತ್ತದೆ. ಹಳೆಯ ಕಡೆ ಇದ್ದದ್ದು ತಾನಾಗಿ ಜೊತೆಗೆ ಬರುವುದಿಲ್ಲ. ಇಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ರೆಕಾರ್ಡ್ ಅಲ್ಲೇ ಉಳಿದಿದೆ. ಹೊಸ ಹೋಸ್ಟಿಂಗ್‌ನ ಪ್ಯಾನೆಲ್ (ನಿರ್ವಹಣಾ ಪುಟ) ಬಹಳ ಸಲ ತನ್ನದೇ ಸರ್ವರನ್ನು ತೋರಿಸುವ ಎಂಎಕ್ಸ್ ಒಂದನ್ನು ಹಾಕಿಕೊಂಡಿರುತ್ತದೆ. ಎಂಎಕ್ಸ್ ಇಲ್ಲವೇ ಇಲ್ಲ ಎಂದಾದರೂ, ಕಳುಹಿಸುವ ಸರ್ವರ್ ನಿಯಮದಂತೆ, ಸೈಟಿನ ಐಪಿ ವಿಳಾಸ ಹೇಳುವ ಎ ರೆಕಾರ್ಡ್ ನೋಡಿಕೊಂಡು ವೆಬ್ ಸರ್ವರಿನ ಬಾಗಿಲನ್ನೇ ತಟ್ಟುತ್ತದೆ. ಅಲ್ಲಿ ನಿಮ್ಮ ಮೇಲ್‌ಬಾಕ್ಸ್ ಇಲ್ಲ. ಹಾಗಾಗಿ 550 ಎಂಬ ದೋಷಸಂಖ್ಯೆಯೊಂದಿಗೆ ಮೇಲ್ ಕಳುಹಿಸಿದವರಿಗೇ ವಾಪಸ್ಸಾಗುತ್ತದೆ. ಹೀಗೆ ತಿರುಗಿ ಹೋದವನ್ನು ಮತ್ತೆ ಕಳಿಸಿ ಎಂದು ಕೇಳದೆ ದಾರಿಯಿಲ್ಲ. ಸರ್ವರ್ ಸಂಪರ್ಕವನ್ನೇ ಕೊಡದಿದ್ದ ಸಂದರ್ಭದಲ್ಲಿ ಮಾತ್ರ ಕಳುಹಿಸುವ ಕಡೆಯವರು ಸಾಮಾನ್ಯವಾಗಿ 4–5 ದಿನ ಪ್ರಯತ್ನಿಸುತ್ತಲೇ ಇರುತ್ತಾರೆ, ಆ ಮೇಲ್‌ಗಳು ತಡವಾಗಿಯಾದರೂ ಸೇರುತ್ತವೆ.

ಈಗ ಹಳೆಯ ಡಿಎನ್‌ಎಸ್ ಖಾತೆಗೆ ಲಾಗಿನ್ ಆಗಿ. ಅದು ಇನ್ನೂ ಜೀವಂತವಿದ್ದರೆ ಅಲ್ಲಿನ ಎಂಎಕ್ಸ್ ಸಾಲುಗಳನ್ನು ಆದ್ಯತೆಯ ಸಂಖ್ಯೆ ಸಮೇತ ಹೊಸ ಕಡೆ ನಕಲಿಸಿ, ಪ್ಯಾನೆಲ್ ತಾನಾಗಿ ಹಾಕಿದ್ದ ಎಂಎಕ್ಸ್ ಅಳಿಸಿ. ಮೇಲ್ ನಿಜಕ್ಕೂ ನಿಮ್ಮದೇ ಎಂದು ಪಡೆಯುವವರು ಪರೀಕ್ಷಿಸಲು ಬಳಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಟಿಎಕ್ಸ್‌ಟಿ (ಪಠ್ಯ) ರೆಕಾರ್ಡ್‌ಗಳನ್ನೂ ತನ್ನಿ. ಇವು ಬಿಟ್ಟುಹೋದರೆ ಮೇಲ್ ಬರುತ್ತದೆ, ಆದರೆ ನೀವು ಕಳುಹಿಸಿದ್ದು ಸ್ಪ್ಯಾಮ್‌ಗೆ ಬೀಳುತ್ತದೆ. ಅದು ವಾರಗಟ್ಟಲೆ ಗಮನಕ್ಕೆ ಬಾರದೆಯೂ ಹೋಗಬಹುದು. ಎಸ್‌ಪಿಎಫ್ ಒಂದು ಹೆಸರಿಗೆ ಒಂದೇ ಇರಬೇಕು. ಪ್ಯಾನೆಲ್ ಹಾಕಿದ್ದೂ ನಿಮ್ಮದೂ ಎರಡೂ ಇದ್ದರೆ ಎರಡೂ ಕೆಲಸಕ್ಕೆ ಬಾರವು, ಸೇರಿಸಿ ಒಂದು ಮಾಡಿ.

ನಿಮ್ಮ ಹೋಸ್ಟಿಂಗ್‌ನಲ್ಲಿ ಸಿಪ್ಯಾನೆಲ್ ಎಂಬ ಪ್ಯಾನೆಲ್ ಇದ್ದರೆ ಇನ್ನೊಂದು ಕಡೆಯೂ ನೋಡಬೇಕು. ಇಮೇಲ್ ರೂಟಿಂಗ್ ಎಂಬಲ್ಲಿ ರಿಮೋಟ್ ಮೇಲ್ ಎಕ್ಸ್‌ಚೇಂಜರ್ ಆಯ್ಕೆ ಮಾಡಿ. ಇಲ್ಲದಿದ್ದರೆ ಹೊರಗಿನ ಮೇಲ್ ಸರಿಯಾಗಿ ಬಂದರೂ, ನಿಮ್ಮ ಸೈಟಿನ ಸಂಪರ್ಕ ಫಾರ್ಮ್‌ನಿಂದ ಹೊರಡುವ ಮೇಲ್ ಆ ಸರ್ವರ್ ಒಳಗೇ ಸುತ್ತಿ ಕಳೆದುಹೋಗುತ್ತದೆ.

ರೆಕಾರ್ಡ್ ತುಂಬುವಾಗ ಹೆಸರಿನ ಜಾಗದಲ್ಲಿ ಪೂರ್ತಿ ಡೊಮೇನ್ ಬರೆಯುವುದು ಸಾಮಾನ್ಯ ತಪ್ಪು. ಅನೇಕ ಪ್ಯಾನೆಲ್‌ಗಳು ಕೊನೆಗೆ ಡೊಮೇನನ್ನು ತಾವೇ ಅಂಟಿಸುತ್ತವೆ, ಆಗ ಹೆಸರು ಎರಡೆರಡು ಸಲ ಬಂದು ರೆಕಾರ್ಡ್ ಯಾರಿಗೂ ಸಿಗದಂತಾಗುತ್ತದೆ. ಹೊಸ ಸೇವೆಯವರ ‘ಸ್ಕ್ಯಾನ್ ಮಾಡಿ ತರುತ್ತೇವೆ’ ಎಂಬ ಸೌಲಭ್ಯವನ್ನೂ ಪೂರ್ತಿ ನಂಬಬೇಡಿ. ಡೊಮೇನಿನಡಿ ಯಾವ ಯಾವ ಹೆಸರುಗಳಿವೆ ಎಂದು ಹೊರಗಿನವರಿಗೆ ಡಿಎನ್‌ಎಸ್ ಪಟ್ಟಿ ಕೊಡುವುದಿಲ್ಲ. ಸ್ಕ್ಯಾನ್ ಎಂದರೆ ಸಾಮಾನ್ಯ ಹೆಸರುಗಳನ್ನು ಊಹಿಸಿ ಕೇಳುವುದು, ಅಷ್ಟೇ. ಡಿಕಿಮ್‌ನ ವಿಚಿತ್ರ ಹೆಸರುಗಳು ತಪ್ಪಿಹೋಗುವುದು ಅಲ್ಲೇ. ಹಳೆಯ ಕಡೆ ಝೋನ್ (ಡೊಮೇನಿನ ರೆಕಾರ್ಡ್‌ಗಳ ಪೂರ್ತಿ ಪಟ್ಟಿ) ಎಕ್ಸ್‌ಪೋರ್ಟ್ ಇದ್ದರೆ ಅದೇ ಲೇಸು.

ಅಂದಹಾಗೆ, ಹೋಸ್ಟಿಂಗ್ ಮಾತ್ರ ಬದಲಾಗುವುದಿದ್ದರೆ ನೇಮ್‌ಸರ್ವರ್ ಮುಟ್ಟುವ ಅಗತ್ಯವೇ ಇರಲಿಲ್ಲ. ಎ ರೆಕಾರ್ಡ್‌ನಲ್ಲಿ, ಇದ್ದರೆ ಐಪಿವಿ6 ವಿಳಾಸ ಹೇಳುವ ಎಎಎಎ ರೆಕಾರ್ಡ್‌ನಲ್ಲೂ, ಹೊಸ ಐಪಿ ವಿಳಾಸ ಹಾಕಿದ್ದರೆ ಸಾಕಿತ್ತು. ಹೋಸ್ಟಿಂಗ್‌ನವರು ನೇಮ್‌ಸರ್ವರ್ ಬದಲಿಸಿ ಎನ್ನುವುದು ಬಹುಮಟ್ಟಿಗೆ ಅವರ ಅನುಕೂಲಕ್ಕೆ.

ಪ್ರಶ್ನೆ: ನೇಮ್‌ಸರ್ವರ್ ಬದಲಿಸಿ ಒಂದು ದಿನವಾಯಿತು. ನನ್ನ ಕಂಪ್ಯೂಟರಿನಲ್ಲಿ ಹೊಸ ಸೈಟ್, ಗೆಳೆಯನ ಮೊಬೈಲಿನಲ್ಲಿ ಹಳೆಯದು. 48 ಗಂಟೆ ಕಾಯಲೇಬೇಕೇ?

ಉತ್ತರ: ಡಾಟ್ ಕಾಮ್ ರಿಜಿಸ್ಟ್ರಿಯಲ್ಲಿ (ಆ ಡೊಮೇನ್‌ಗಳ ಕೇಂದ್ರ ದಾಖಲೆಯಲ್ಲಿ) ನೇಮ್‌ಸರ್ವರ್ ಸಾಲುಗಳ ಟಿಟಿಎಲ್ (ಉತ್ತರವನ್ನು ನೆನಪಿಟ್ಟುಕೊಳ್ಳಬಹುದಾದ ಅವಧಿ) 172800 ಸೆಕೆಂಡ್, ಅಂದರೆ ಸರಿಯಾಗಿ ಎರಡು ದಿನ. ಬದಲಾವಣೆ ರಿಜಿಸ್ಟ್ರಿಯಲ್ಲಿ ಬೇಗನೆ ಕಾಣಿಸುತ್ತದೆ, ಆದರೆ ಹಳೆಯ ಉತ್ತರವನ್ನು ಆಗಲೇ ಕ್ಯಾಶ್‌ನಲ್ಲಿ (ತಾತ್ಕಾಲಿಕ ನೆನಪಿನಲ್ಲಿ) ಇಟ್ಟುಕೊಂಡ ರಿಸಾಲ್ವರ್‌ಗಳು, ಅಂದರೆ ಬಳಕೆದಾರರ ಪರವಾಗಿ ಡಿಎನ್‌ಎಸ್ ಕೇಳುವ ಸರ್ವರ್‌ಗಳು, ಅದರ ಅವಧಿ ಮುಗಿಯುವ ತನಕ ಅದನ್ನೇ ಕೊಡುತ್ತವೆ. ಈ ಟಿಟಿಎಲ್ ಕಡಿಮೆ ಮಾಡುವುದು ನಿಮ್ಮ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲಿರುವುದು ಹಳೆಯ ಝೋನ್. ಅದನ್ನು ಕನಿಷ್ಠ ಮೂರು ದಿನ ಅಳಿಸಬೇಡಿ, ಅಲ್ಲಿನ ಎ ರೆಕಾರ್ಡ್‌ನಲ್ಲೂ ಹೊಸ ಸರ್ವರಿನ ಐಪಿಯನ್ನೇ ಹಾಕಿ. ಆಗ ಯಾವ ನೇಮ್‌ಸರ್ವರನ್ನು ಕೇಳಿದರೂ ಹೊಸ ಸೈಟೇ ತೆರೆಯುತ್ತದೆ, ಎರಡು ದಿನದ ಮಾತೇ ಏಳುವುದಿಲ್ಲ. ಆ ರೆಕಾರ್ಡ್‌ನ ಟಿಟಿಎಲ್ ಅನ್ನು ಹಿಂದಿನ ದಿನವೇ 300ಕ್ಕೆ ಇಳಿಸಿಟ್ಟಿದ್ದರೆ ಇನ್ನೂ ಒಳ್ಳೆಯದು.

ರಿಜಿಸ್ಟ್ರಿಯಲ್ಲಿ ನಿಜಕ್ಕೂ ಬದಲಾಗಿದೆಯೇ ಎಂದು ನೋಡಲು ಡಿಎನ್‌ಎಸ್ ಕೇಳಿ ನೋಡುವ ಡಿಗ್ (dig) ಕಮಾಂಡನ್ನು ಟ್ರೇಸ್ (+trace) ಆಯ್ಕೆಯೊಂದಿಗೆ ಓಡಿಸಿ. ಅದು ಕ್ಯಾಶ್ ಬಿಟ್ಟು ಡಿಎನ್‌ಎಸ್‌ನ ತುತ್ತತುದಿಯ ರೂಟ್ ಸರ್ವರಿನಿಂದ ಕೆಳಗಿಳಿಯುತ್ತಾ ಕೇಳುತ್ತದೆ. ಅಲ್ಲೇ ಹಳೆಯ ಹೆಸರು ಬಂದರೆ ನೀವು ಮಾಡಿದ ಬದಲಾವಣೆ ಸೇವ್ ಆಗಿಲ್ಲ. ಡೊಮೇನ್ ಲಾಕ್ ಆಗಿದೆಯೇ ನೋಡಿ. ಹಳೆಯವೂ ಹೊಸವೂ ಬೆರೆತು ಬಂದರೆ ಹಳೆಯ ಸಾಲುಗಳನ್ನು ತೆಗೆಯುವುದು ಮರೆತಿದ್ದೀರಿ.

ಪ್ರಶ್ನೆ: ಎಲ್ಲ ರೆಕಾರ್ಡ್‌ಗಳನ್ನೂ ಮೊದಲೇ ತುಂಬಿದ್ದೆ. ಆದರೂ ನೇಮ್‌ಸರ್ವರ್ ಬದಲಿಸಿದ ಮೇಲೆ ಕೆಲವರಿಗೆ ಸೈಟ್ ತೆರೆಯುತ್ತದೆ, ಕೆಲವರಿಗೆ ಸರ್ವ್‌ಫೇಲ್ (ಡಿಎನ್‌ಎಸ್ ಉತ್ತರ ಸಿಗಲಿಲ್ಲ ಎಂಬ) ದೋಷ.

ಉತ್ತರ: ಡಿಎನ್‌ಎಸ್ ಉತ್ತರಗಳಿಗೆ ಡಿಜಿಟಲ್ ಸಹಿ ಹಾಕುವ ಡಿಎನ್‌ಎಸ್‌ಸೆಕ್ ಆನ್ ಇದ್ದಿರಬೇಕು. ಹಳೆಯ ಸೇವೆಯ ಕೀಲಿಯ ಗುರುತಾದ ಡಿಎಸ್ ರೆಕಾರ್ಡ್ ರಿಜಿಸ್ಟ್ರಿಯಲ್ಲೇ ಉಳಿದಿದೆ, ಹೊಸ ನೇಮ್‌ಸರ್ವರಿನ ಉತ್ತರ ಅದಕ್ಕೆ ತಾಳೆಯಾಗುತ್ತಿಲ್ಲ. ಸಹಿ ಪರೀಕ್ಷಿಸುವ ರಿಸಾಲ್ವರ್‌ಗಳು, ಗೂಗಲ್‌ನ 8.8.8.8, ಕ್ಲೌಡ್‌ಫ್ಲೇರ್‌ನ 1.1.1.1 ಅಂಥವು, ಇಂಥ ಉತ್ತರವನ್ನು ತಿರಸ್ಕರಿಸುತ್ತವೆ; ಪರೀಕ್ಷಿಸದವು ದಾಟಿಸಿಬಿಡುತ್ತವೆ. ಅದಕ್ಕೇ ಈ ಅರ್ಧಂಬರ್ಧ ಸ್ಥಿತಿ.

ಡೊಮೇನ್ ಖಾತೆಯಲ್ಲಿ ಡಿಎಸ್ ರೆಕಾರ್ಡನ್ನು ಅಳಿಸಿ. ಡಾಟ್ ಕಾಮ್‌ನಲ್ಲಿ ಅದರ ಟಿಟಿಎಲ್ 86400 ಸೆಕೆಂಡ್, ಆದ್ದರಿಂದ ಕೆಲವರಿಗೆ ಇನ್ನೂ ಒಂದು ದಿನ ತೊಂದರೆ ಇದ್ದೀತು. ಗೂಗಲ್, ಕ್ಲೌಡ್‌ಫ್ಲೇರ್ ಎರಡಕ್ಕೂ ಕ್ಯಾಶ್ ಅಳಿಸುವ ಸಾರ್ವಜನಿಕ ಪುಟಗಳಿವೆ, ಬಳಸಿಕೊಳ್ಳಿ. ಮುಂದಿನ ಸಲ ಮೊದಲು ಡಿಎಸ್ ತೆಗೆಯಿರಿ, ಪೂರ್ತಿ ಒಂದು ದಿನ ಬಿಟ್ಟು ನೇಮ್‌ಸರ್ವರ್ ಬದಲಿಸಿ. ಹೊಸ ಕಡೆ ಎಲ್ಲ ಸರಿಯಾಗಿ ಓಡುವುದು ಖಚಿತವಾದ ಮೇಲೆ ಅಲ್ಲಿ ಡಿಎನ್‌ಎಸ್‌ಸೆಕ್ ಆನ್ ಮಾಡಿ, ಅವರು ಕೊಡುವ ಹೊಸ ಡಿಎಸ್ ಹಾಕಿ.