ದುಡ್ಡು ಇದ್ದೂ ಚರಂಡಿಗೆ ಮಾತ್ರ, ರಸ್ತೆಗೆ ಯಾಕಿಲ್ಲ?

ಪಂಚಾಯಿತಿ ಖಾತೆಯಲ್ಲಿ ದುಡ್ಡಿದ್ದರೂ ನಿಮ್ಮ ಬೀದಿಯ ರಸ್ತೆಗೆ ಕೊಡಲು ಬರಲ್ಲ ಅಂತ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹೇಳಿದ್ದು ಸುಳ್ಳಾ ಅಂತ ಕೇಳಿದ್ದೀರಿ. ಸುಳ್ಳೇ ಇರಬೇಕು ಅಂತೇನಿಲ್ಲ. ಕೇಂದ್ರದಿಂದ ಪಂಚಾಯಿತಿಗೆ ಬರುವ 15ನೇ ಹಣಕಾಸು ಆಯೋಗದ (2021-26) ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಉಳಿದ ಶೇ 40ರಲ್ಲಿ ರಸ್ತೆ, ಬೀದಿದೀಪ ಮಾಡಬಹುದು. ಆದರೆ ಅದರಲ್ಲಿ ಸಂಬಳ ಕೊಡುವಂತಿಲ್ಲ. ಮೀಸಲಿನ ಹಣ ಹಾಗೇ ಉಳಿದಿದ್ದರೂ ಖಾತೆಯಲ್ಲಿ ಜಾಸ್ತಿ ದುಡ್ಡು ಕಾಣುತ್ತೆ, ಅಲ್ವಾ?

ಇಂಥ ಮೀಸಲಿನ ಕಟ್ಟುಪಾಡೇ ಇಲ್ಲದ ಇನ್ನೊಂದು ದುಡ್ಡು ಅಂದ್ರೆ ಪಂಚಾಯಿತಿ ತಾನೇ ವಸೂಲು ಮಾಡೋ ಮನೆ ಕಂದಾಯ, ನೀರಿನ ಶುಲ್ಕ. 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಕಲಂ ಈ ತೆರಿಗೆ ಹಾಕೋ ಅಧಿಕಾರ ಕೊಡುತ್ತದೆ. ನಮ್ಮೂರಲ್ಲಿ ಎರಡಂತಸ್ತಿನ ಹೊಸ ಮನೆಗೂ ಹಳೇ ಹೆಂಚಿನ ಮನೆಯ ಕಂದಾಯವೇ ನಡೀತಿತ್ತು. ಹೀಗಿದ್ರೆ ಕೈಯಲ್ಲಿ ಏನು ಉಳಿಯುತ್ತೆ ಹೇಳಿ.

ಜಗಳಕ್ಕೆ ಹೋಗೋ ಮೊದಲು ಕೇಂದ್ರ ಸರ್ಕಾರದ ಇ-ಗ್ರಾಮ್ ಸ್ವರಾಜ್ ಜಾಲತಾಣದಲ್ಲಿ ನಿಮ್ಮ ಪಂಚಾಯಿತಿಯ ಕ್ರಿಯಾಯೋಜನೆ (ವರ್ಷದ ಕೆಲಸಗಳ ಪಟ್ಟಿ), ಪಾವತಿ ಎರಡನ್ನೂ ತೆಗೆದು ನೋಡಿ. ನಿಮ್ಮ ರಸ್ತೆ ಆ ಕ್ರಿಯಾಯೋಜನೆಯಲ್ಲೇ ಇಲ್ಲದಿದ್ರೆ ಪಿಡಿಒ ಹತ್ತಿರ ಸುಮ್ನೆ ಅಲೆದು ಪ್ರಯೋಜನವಿಲ್ಲ. ಮುಂದಿನ ವಾರ್ಡ್ ಸಭೆಯಲ್ಲಿ ಅದನ್ನು ಬರೆಸಿ, ಗ್ರಾಮಸಭೆಯ ನಡಾವಳಿಯಲ್ಲಿ ಬಂದಿದೆಯಾ ಅಂತ ನೀವೇ ಓದಿ ನೋಡಿ.