ಬಳಚಿನ ಚಿಪ್ಪಿನ ಬಿಲ್ಲೆಗಳಲ್ಲಿ ವಾಸನೆ ಮತ್ತು ಬಿಳಿ ಪುಡಿ

ಹೋಟೆಲಿಗಾಗಿ ಬಳಚಿನ (ಎರಡು ಹೋಳಿನ ಚಿಪ್ಪಿರುವ ಜಲಜೀವಿ) ಚಿಪ್ಪಿನಿಂದ ನೀವು ಮಾಡಿದ ಬಿಲ್ಲೆಗಳು ವಾಸನೆ ಬರುತ್ತಿವೆ, ಅವುಗಳ ಮೇಲೆ ಬಿಳಿ ಪುಡಿ ಕಾಣುತ್ತಿದೆ, ಏಕೆಂದು ಕೇಳಿದ್ದೀರಿ. ಚಿಪ್ಪಿನ ಎರಡು ಹೋಳುಗಳು ಕೂಡುವ ಕೀಲಿನಲ್ಲಿ ಉಳಿದುಕೊಂಡ ಮಾಂಸ ಮತ್ತು ನಾರೇ ವಾಸನೆಗೆ ಕಾರಣವೆಂದು ತೋರುತ್ತದೆ. ಕಾರವಾರದ ಹೋಟೆಲಿನ ಅಡುಗೆಮನೆಯಿಂದ ತಂದ ಬಳಚಿನ ಚಿಪ್ಪನ್ನು ಒಮ್ಮೆ ತೊಳೆದು, ಒಡೆದು, ಸಹಪಾಠಿಗಳೊಂದಿಗೆ ಬಿಳಿ ಸಿಮೆಂಟಿನಲ್ಲಿ ಕಲಸಿದ್ದಾಗಿ ಬರೆದಿದ್ದೀರಿ. ಅಷ್ಟು ತೊಳೆದರೆ ಸಾಲದು. ಬಿಳಿ ಪುಡಿಗೆ ಮಾತ್ರ ಎರಡು ಕಾರಣಗಳಿರಬಹುದು. ಅದನ್ನು ಕೆರೆದು ಒಂದು ಲೋಟ ಸಿಹಿನೀರಿಗೆ ಹಾಕಿ: ಕರಗಿದರೆ ಬಹುಶಃ ಉಪ್ಪು, ಕರಗದೆ ತಳದಲ್ಲಿ ನಿಂತರೆ ಸಿಮೆಂಟಿನಿಂದ ಹೊರಬಂದ ಸುಣ್ಣ.

ಹೊಸ ಚಿಪ್ಪನ್ನು ಮೊದಲು ಅರ್ಧ ಗಂಟೆ ಕುದಿಸಿ, ಕೀಲಿನ ನಾರನ್ನು ಗಡುಸಾದ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ನಂತರ ಮೂರು ದಿನ, ದಿನವೂ ನೀರು ಬದಲಿಸುತ್ತ, ಸಿಹಿನೀರಿನಲ್ಲಿ ನೆನೆಸಿ. ಧೂಳು ಶ್ವಾಸಕೋಶಕ್ಕೆ ಹೋಗಬಾರದಾದ್ದರಿಂದ ಒದ್ದೆಯಿರುವಾಗಲೇ, ಮಾಸ್ಕ್ ಧರಿಸಿ ಒಡೆಯಿರಿ. ಪೂರ್ತಿ ಒಣಗಿದ ಮೇಲೆಯೇ ಕಲಸಿರಿ. ವಾಸನೆ ಹೋಗಲೆಂದು ವಿನೆಗರ್ ಬಳಸಬೇಡಿ. ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿರುವುದರಿಂದ ಹುಳಿ ಅದನ್ನೇ ತಿನ್ನುತ್ತದೆ. ಇದೇ ಕಾರಣಕ್ಕೆ, ನಿಂಬೆರಸವೂ ಸೋಲಕಡಿಯೂ (ಪುನರ್ಪುಳಿಯ ಹುಳಿ ಪಾನೀಯ) ಚೆಲ್ಲುತ್ತಲೇ ಇರುವ ಊಟದ ಮೇಜಿಗೆ ಈ ಬಿಲ್ಲೆಗಳನ್ನು ಕೂರಿಸುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಗೋಡೆಗೆ ಅವು ನಿಜವಾಗಿಯೂ ಚೆನ್ನಾಗಿ ಒಪ್ಪುತ್ತವೆ.

ವಾಸನೆ ಹಿಡಿದ ಹಳೆಯ ಬಿಲ್ಲೆಗಳ ಮೇಲೆ ವಾರ್ನಿಷ್ ಬಳಿದು ಹೋಟೆಲಿಗೆ ಒಪ್ಪಿಸಬೇಡಿ. ಹೊಸದಾಗಿ ನಾಲ್ಕು ಬಿಲ್ಲೆ ಮಾಡಿ, ಗಟ್ಟಿಯಾದ ಮೇಲೆ ಒದ್ದೆ ಬಟ್ಟೆಯೊಂದಿಗೆ ಮುಚ್ಚಿದ ಡಬ್ಬಿಯಲ್ಲಿ ಒಂದು ವಾರ ಇಟ್ಟು ಮೂಸಿ ನೋಡಿ. ಕರಾವಳಿಯ ಮಳೆಗಾಲದ ತೇವದಲ್ಲಿ ಅವು ಹೇಗಿರುತ್ತವೆಂಬುದು ಅಲ್ಲಿಯೇ ಸುಮಾರಾಗಿ ತಿಳಿಯುತ್ತದೆ. ವಾಸನೆಯಿಲ್ಲದಿದ್ದರೆ ಉಳಿದವನ್ನು ಮಾಡಲು ಆರಂಭಿಸಬಹುದು.