ಕಾಲುಸಂಕದ ಲೆಕ್ಕ

ಕುಮಟಾದ ಓದುಗರ ಪತ್ರ: "224 ಜನರ ವಿಧಾನಸಭೆಯಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಆರೇ ಜನ. ಬಹುಮತ ಇದ್ದವರು ದುಡ್ಡು ಹಂಚಿಕೊಳ್ಳುತ್ತಾರೆ. ದೊಡ್ಡಾಸ್ಪತ್ರೆ ಕೇಳಿ ಏನು ಪ್ರಯೋಜನ? ಆಗೋದಾದ್ರೆ ಕುಮಟಾದಲ್ಲೇ ಆಗಬೇಕು."

ಸಂಪಾದಕರ ಉತ್ತರ: ಆರು ಸಣ್ಣ ಸಂಖ್ಯೆಯೇ, ಒಪ್ಪಿದೆ. ಆದರೆ ಬಹುಮತವನ್ನು ಸಣ್ಣ ಗುಂಪುಗಳನ್ನು ಸೇರಿಸಿಯೇ ಕಟ್ಟಬೇಕು, ಅಲ್ವಾ? 2018ರಲ್ಲಿ 104 ಸೀಟು ಗೆದ್ದವರು ಬಹುಮತ ಸಿಗದೆ ಇಳಿದರು. 37 ಗೆದ್ದ ಪಕ್ಷಕ್ಕೆ ಮುಖ್ಯಮಂತ್ರಿ ಕುರ್ಚಿ ಸಿಕ್ಕಿತು.

ನಾನು ಇದನ್ನು ಕಲಿತದ್ದು ಶಿರಸಿ ಕಡೆಯ ನಮ್ಮೂರಿನಲ್ಲಿ. ಮೂರು ಕೇರಿ, ಮೂರಕ್ಕೂ ಕಾಲುಸಂಕ, ಅಂದರೆ ಹಳ್ಳ ದಾಟುವ ಕಾಲುಸೇತುವೆ, ಬೇಕು. ಬಂದ ದುಡ್ಡು ಮಾತ್ರ ಸ್ವಲ್ಪ. ಮೇಲಿನಕೇರಿ, ಕೆಳಗಿನಕೇರಿ ಸೇರಿ ಅರ್ಧರ್ಧ ಎಂದು ಮಾತಾಡಿಕೊಂಡವು. ನಡುಕೇರಿಯವರು ಸುಮ್ನೆ ಕೂರಲಿಲ್ಲ. "ನಮಗೆ ಕಾಲು ಭಾಗ ಸಾಕು, ಮುಕ್ಕಾಲು ನಿಮಗೇ" ಎಂದು ಕೆಳಗಿನಕೇರಿಯನ್ನು ಎಳೆದುಕೊಂಡರು. ಮರುವಾರ ಮೇಲಿನಕೇರಿಯವರು ನಡುಕೇರಿಗೆ ಅರ್ಧ ಕೊಡ್ತೇವೆ ಅಂದರು. ಮೂವರಲ್ಲಿ ಇಬ್ಬರು ಸಾಕು ಎಂದಾದಾಗ ಹೊರಗುಳಿದವರು ಹೊಸ ಪಾಲು ತೋರಿಸುತ್ತಲೇ ಇರುತ್ತಾರೆ. ಈ ಚೌಕಾಸಿಗೆ ಕೊನೆಯೇ ಇಲ್ಲ. ಎರಡು ಮಳೆಗಾಲ ನಾವು ಮಕ್ಕಳು ಅಡಿಕೆ ಮರದ ಸಂಕದ ಮೇಲೆ ಜೀವ ಕೈಯಲ್ಲಿ ಹಿಡಿದು ಶಾಲೆಗೆ ಹೋದೆವು. ಕಡೆಗೆ ದೇವಸ್ಥಾನದ ಅಂಗಳದಲ್ಲಿ ಮೂರೂ ಕೇರಿಯವರು ಕೂತರು. ಹಳ್ಳ ಹೆಚ್ಚು ಆಳ ಇದ್ದಲ್ಲಿ ಮೊದಲು, ಉಳಿದದ್ದು ವರ್ಷಕ್ಕೊಂದು ಎಂದಾಯಿತು. ಮೂರೂ ಆದವು.

ನಿಮ್ಮ ಕೊನೆಯ ಸಾಲು ನೋಡಿ. ಬೇಜಾರು ಮಾಡ್ಕೋಬೇಡಿ, ತೊಂದರೆ ಇರುವುದೇ ಅಲ್ಲಿ. ನಿಮಗೆ ಕುಮಟಾ, ಶಿರಸಿಯವರಿಗೆ ಶಿರಸಿ, ಕಾರವಾರದವರಿಗೆ ಕಾರವಾರ. ಘಟ್ಟದ ಮೇಲಿನವರು ಬೇರೆ ಜಿಲ್ಲೆಯನ್ನೇ ಕೇಳುತ್ತಾರೆ. ಒಬ್ಬೊಬ್ಬರಾಗಿ ಹೋದರೆ ಒಬ್ಬರಿಗೊಂದು ರಸ್ತೆ ಕೊಟ್ಟು ಉಳಿದ ಐವರನ್ನು ಕಳಿಸಿಬಿಡಬಹುದು. ಬೀದರ್, ಕಲಬುರಗಿ, ರಾಯಚೂರಿನ ಕಡೆಯವರು ವರ್ಷಗಟ್ಟಲೆ ಒಂದೇ ಬೇಡಿಕೆ ಹಿಡಿದರು. 2012ರ ಕೊನೆಗೆ ಸಂಸತ್ತು ಆ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371-ಜೆ ವಿಧಿಯನ್ನು ಒಪ್ಪಿತು. ಅದಕ್ಕೆ ಸಂವಿಧಾನವನ್ನೇ ತಿದ್ದಬೇಕಾಯಿತು.

ನಾವು ಕೊಟ್ಟದ್ದೇನು ಕಡಿಮೆಯೇ? ಸೂಪಾ, ಕದ್ರಾ, ಕೊಡಸಳ್ಳಿ ಅಣೆಕಟ್ಟುಗಳು, ಕೈಗಾ ಅಣುವಿದ್ಯುತ್ ಸ್ಥಾವರ, ಸೀಬರ್ಡ್ ನೌಕಾನೆಲೆ. ಜಾಗ ಕೊಡುವ ಮೊದಲು ಕೇಳಬೇಕಿದ್ದನ್ನು ಕೊಟ್ಟ ಮೇಲೆ ಕೇಳುತ್ತಾ ಕೂತೆವು. ಇವತ್ತಿಗೂ ಗಂಭೀರ ರೋಗಿಯನ್ನು ಆಂಬುಲೆನ್ಸಿನಲ್ಲಿ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಒಯ್ಯುತ್ತೇವೆ. ಈಗ ನಮ್ಮ ಬೇಡ್ತಿ ಹೊಳೆಯ ನೀರನ್ನೂ ವರದಾ ನದಿಗೆ ಒಯ್ಯುವ ಮಾತು ನಡೆದಿದೆ.

ಬಜೆಟ್‌ಗೆ ಮೊದಲು ಆರೂ ಶಾಸಕರಿಗೆ ಒಂದೇ ಪತ್ರ ಬರೆಯಿರಿ, ಯಾವ ಊರಿನ ಹೆಸರೂ ಬೇಡ. ಮೊದಲ ಸಹಿ ನಿಮ್ಮದಿರಲಿ, ಎರಡನೆಯದು ನನ್ನದು.